ಸೀತೆಯ ದಂಡೆ ಮಹದೇವಪುರಕ್ಕೆ ಬಂದದ್ದು

(ಬಾನುಲಿ ಭಾಷಣ)

ಮಹದೇವಪುರವೆಂದೊಡನೆ ಬೆಂಗಳೂರಿನವರ ಕಣ್ಣಮುಂದೆ ನಿಲ್ಲುವುದು ಗಾಜಿನ ಕಟ್ಟಡಗಳು, ನಿಂತಲ್ಲೇ ನಿಂತ ವಾಹನಗಳ ಸಾಲು, 2023ರಿಂದೀಚೆಗೆ ತಲೆಯ ಮೇಲೆ ಸದ್ದು ಮಾಡುತ್ತ ಹಾದುಹೋಗುವ ಮೆಟ್ರೋ ರೈಲು. ಅಂಥ ಊರಿನಲ್ಲಿ ಮಲೆನಾಡಿನ ಹೂವೊಂದು ಒಂದು ಮಾವಿನ ಮರವನ್ನು ಅಪ್ಪಿಕೊಂಡು 2009ರಿಂದ ಬಾಳುತ್ತಿದೆ ಎಂದರೆ ಕೇಳಿದವರು ನಕ್ಕುಬಿಡುತ್ತಾರೆ. ನಗುವವರಲ್ಲಿ ನನ್ನ ಮಗನೂ ಒಬ್ಬ. ಆದರೆ ಆ ಮರ ನಮ್ಮ ಮನೆಯ ಅಂಗಳದಲ್ಲೇ ಇದೆ. ಆ ಹೂವನ್ನು ದಿನವೂ ನೋಡುತ್ತಿರುವವನು ನಾನು. ಅದನ್ನು ಉಳಿಸಿಕೊಳ್ಳಲು ಕಲಿತ ಕಥೆಯನ್ನು, ಅದಕ್ಕೂ ಮೊದಲು ಎರಡು ಗಿಡಗಳನ್ನು ಕೊಂದ ಕಥೆಯನ್ನು ಈ ಹೊತ್ತು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ನಾನು ಸಸ್ಯಶಾಸ್ತ್ರಜ್ಞನಲ್ಲ. ಕಾರ್ಖಾನೆಯೊಂದರ ಯಂತ್ರಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕಬ್ಬಿಣ ಕೊರೆದವನು. ನನ್ನ ಮಾತಿನಲ್ಲಿ ಶಾಸ್ತ್ರ ಕಡಿಮೆಯಿದ್ದರೆ ಕ್ಷಮಿಸಬೇಕು.

1984ರಲ್ಲಿ ನಾನು ಶಿರಸಿಯ ಸೀಮೆಯಿಂದ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಮಹದೇವಪುರ ಬೆಂಗಳೂರೇ ಆಗಿರಲಿಲ್ಲ. ಕೃಷ್ಣರಾಜಪುರದ ರೈಲು ನಿಲ್ದಾಣದಲ್ಲಿ ಇಳಿದು ವೈಟ್‌ಫೀಲ್ಡಿನ ದಾರಿ ಹಿಡಿದರೆ ಒಂದೆರಡು ಕಾರ್ಖಾನೆಗಳ ಹೊಗೆಗೊಳವೆ, ಆಮೇಲೆ ರಾಗಿಯ ಹೊಲ, ಮತ್ತೆ ಹೊಲ. 1882ರಲ್ಲಿ ಮೈಸೂರಿನ ಅರಸರು ಆಂಗ್ಲೋ ಇಂಡಿಯನ್ನರ ವಸತಿಗೆಂದು ಕೊಟ್ಟ ಭೂಮಿಯಲ್ಲಿ ಎದ್ದ ವೈಟ್‌ಫೀಲ್ಡು ಆಗಿನ್ನೂ ಹೆಂಚಿನ ಬಂಗಲೆಗಳ, ಮಾವಿನ ಮರಗಳ ಒಂದು ನಿದ್ದೆಯ ಊರು. ಹಳ್ಳಿಗೊಂದರಂತೆ ಗುಂಡುತೋಪುಗಳಿದ್ದವು, ಹೊಂಗೆ, ಹುಣಿಸೆ, ಮಾವು, ನೇರಳೆ. ಭಾನುವಾರಗಳಂದು ಹೊತ್ತು ಹೋಗದೆ ಅವುಗಳ ನೆರಳಿನಲ್ಲಿ ತಿರುಗುತ್ತಿದ್ದ ನನಗೆ ಒಂದು ದಿನ ಹಳೆಯ ಮಾವಿನ ಕವಲಿನಲ್ಲಿ ದಪ್ಪ ಪಟ್ಟಿಯಂಥ ಎಲೆಗಳ ಗುಂಪೊಂದು ಕಂಡಿತು. ಕಂದುಗೆರೆಗಳು ಬಲೆಯಂತೆ ಹೆಣೆದುಕೊಂಡ ಹಳದಿ ಎಸಳುಗಳು, ನಡುವೆ ನೇರಿಳೆಯ ಒಂದು ನಾಲಿಗೆ. ಊರು ಬಿಟ್ಟು ಆರು ತಿಂಗಳಾಗಿತ್ತು. ಬಯಲುಸೀಮೆಯಲ್ಲಿ ನಮ್ಮ ಕಡೆಯವರೊಬ್ಬರು ಎದುರಾದಂತೆ ನಿಂತುಬಿಟ್ಟೆ.

ನಮ್ಮ ಕಡೆಯವರು ಎಂದೆ. ಅದಕ್ಕೆ ಕಾರಣವುಂಟು. ನಮ್ಮ ಮನೆಯ ಅಂಗಳದ ತುದಿಯಲ್ಲಿ ಒಂದು ಹಲಸಿನ ಮರವಿತ್ತು. ಅದರ ಕಾಂಡದ ಮೇಲೆ, ಆಳೆತ್ತರಕ್ಕೆ ಸ್ವಲ್ಪ ಮೇಲೆ, ಸೀತೆಯ ದಂಡೆ ಬೆಳೆದಿತ್ತು. ಕೆಲವರು ಸೀತಾಳೆ ದಂಡೆ ಎನ್ನುತ್ತಾರೆ. ಸಸ್ಯಶಾಸ್ತ್ರದವರು ರಿಂಕೋಸ್ಟೈಲಿಸ್ ರೆಟ್ಯೂಸ ಎನ್ನುತ್ತಾರೆ. ಹೇಳುವಷ್ಟರಲ್ಲಿ ಹೂವು ಬಾಡೀತು. ಮುಂಗಾರಿನ ಮೊದಲ ಮಳೆಗಳು ಬೀಳುವ ಹೊತ್ತಿಗೆ ಎಲೆಗಳ ಸಂದಿನಿಂದ ಮೊಳದುದ್ದದ ಗೊಂಚಲು ಇಳಿಬೀಳುತ್ತಿತ್ತು: ಬಿಳಿಯ ಮೇಲೆ ನೇರಿಳೆಯ ಚುಕ್ಕಿಯಿಟ್ಟ ನೂರಾರು ಪುಟ್ಟ ಹೂಗಳು, ಒತ್ತಾಗಿ ಹೆಣೆದಂತೆ. ವನವಾಸದಲ್ಲಿ ಸೀತೆ ಮುಡಿದ ದಂಡೆಯಂತೆ ಅದು. ಅಮ್ಮ ಅದನ್ನು ಕೊಯ್ಯುತ್ತಿರಲಿಲ್ಲ. ಹೆಣ್ಣುಮಕ್ಕಳು ಕೇಳಿದರೆ ವರ್ಷಕ್ಕೊಂದು ಎಳೆ ಕೊಟ್ಟಾಳು, ಅದೂ ಮದುವೆಯ ಮನೆಗಾದರೆ. "ಅದು ಹೂ ಬಿಟ್ಟಮೇಲೆ ಗದ್ದೆಗೆ ಇಳಿಯುವುದು" ಎನ್ನುತ್ತಿದ್ದಳು. ಪಂಚಾಂಗ ಮನೆಯಲ್ಲೇ ಇತ್ತು. ಆದರೂ ಅವಳು ಮರದ ಕಡೆಗೇ ನೋಡುತ್ತಿದ್ದಳು.

ಈ ಹೂವಿನ ಪರಿಚಯ ಲೋಕಕ್ಕೆ ಆದದ್ದು ನಮ್ಮ ಪಡುವಣ ಕರಾವಳಿಯ ದಾರಿಯಿಂದಲೇ. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್ ಸ್ಥಳೀಯ ವೈದ್ಯರ ನೆರವಿನಿಂದ ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' ಎಂಬ ಗ್ರಂಥ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾಯಿತು. ಅದರಲ್ಲಿ ಈ ಗಿಡಕ್ಕೆ 'ಅಂಜಿಲಿ ಮರವಾಳ' ಎಂಬರ್ಥದ ಮಲೆಯಾಳದ ಹೆಸರೇ ಇದೆ. ಎಂದರೆ ಹೆಬ್ಬಲಸಿನ ಮೇಲಿನ ಮರಬಾಳೆ. ಆ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಸ್ವೀಡನ್ನಿನ ಲಿನೀಯಸ್ 1753ರಲ್ಲಿ ಇದಕ್ಕೆ ಲ್ಯಾಟಿನ್ ನಾಮಕರಣ ಮಾಡಿದ. ಅಸ್ಸಾಮಿನಲ್ಲಿ ಇದೇ ಹೂವು 'ಕೊಪೌ'; ಅಲ್ಲಿ ಇದು ರಾಜ್ಯಪುಷ್ಪ. ಬಿಹು ಹಬ್ಬದಲ್ಲಿ ಕುಣಿಯುವ ಹುಡುಗಿಯರ ತುರುಬಿನಲ್ಲಿ ಇದು ಇರಲೇಬೇಕು. ಸಾವಿರಾರು ಮೈಲಿ ದೂರದ ಎರಡು ನಾಡುಗಳ ಹೆಂಗಸರು ಪರಸ್ಪರ ತಿಳಿಯದೆ ಒಂದೇ ಹೂವನ್ನು ಮುಡಿಯಲು ಆರಿಸಿಕೊಂಡದ್ದು ನನಗೆ ಯಾವಾಗಲೂ ಸೋಜಿಗವೆನಿಸುತ್ತದೆ. ಅಂದಹಾಗೆ, 'ಆರ್ಕಿಡ್' ಎಂಬ ಹೆಸರು ಬಂದದ್ದು ಗ್ರೀಕ್ ಭಾಷೆಯಿಂದ. ಯೂರೋಪಿನ ನೆಲದ ಆರ್ಕಿಡ್‌ಗಳ ಜೋಡಿಗೆಡ್ಡೆಗಳನ್ನು ಕಂಡು ಇಟ್ಟ ಆ ಹೆಸರಿನ ಅರ್ಥವನ್ನು ಮನೆಮಂದಿಯೆಲ್ಲ ಕೂತು ಕೇಳುವ ಬಾನುಲಿಯಲ್ಲಿ ಬಿಡಿಸಿ ಹೇಳಲಾರೆ. ದಂಡೆ ಎಂಬ ಹೆಸರೇ ವಾಸಿ.

1989ರಲ್ಲಿ ಮೂವತ್ತು ನಲವತ್ತರ ನಿವೇಶನದಲ್ಲಿ ಒಂದು ಪುಟ್ಟ ಮನೆ ಕಟ್ಟಿಕೊಂಡೆವು. ಮರುವರ್ಷ ಮುಂದಿನ ಜಾಗದಲ್ಲಿ ಮಾವಿನ ಕಸಿ ನೆಟ್ಟೆ. ಅದರ ಮುಂದಿನ ವರ್ಷ ಊರಿಗೆ ಹೋದವನು ಅಮ್ಮನನ್ನು ಕೇಳಿ ಹಲಸಿನ ಮರದ ದಂಡೆಯ ಪಕ್ಕದ ಮರಿಯೊಂದನ್ನು ಬಿಡಿಸಿ ತಂದೆ. ತಂದವನು ಮಾಡಿದ್ದೇನು? ಮಗುವಿಗೆ ಹೊಟ್ಟೆಬಿರಿಯೆ ಉಣಿಸುವ ಪ್ರೀತಿಯಿಂದ ದೊಡ್ಡ ಕುಂಡದಲ್ಲಿ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಬೇರುಗಳನ್ನೆಲ್ಲ ಜೋಪಾನವಾಗಿ ಹೂತು, ಬೆಳಿಗ್ಗೆ ಸಂಜೆ ಒಂದೊಂದು ಚೊಂಬು ನೀರು ಹಾಕಿದೆ. ಎರಡು ತಿಂಗಳಲ್ಲಿ ಬೇರು ಕೊಳೆತು ಗಿಡ ಸತ್ತಿತು. ಅಮ್ಮನಿಗೆ ಹೇಳಲಿಲ್ಲ. ಕಾಗದದಲ್ಲಿ ಅವಳು "ದಂಡೆ ಹೇಗಿದೆ ಅಪ್ಪಿ?" ಎಂದು ಬರೆಸಿದಾಗಲೆಲ್ಲ "ಚೆನ್ನಾಗಿದೆ" ಎಂದು ಬರೆದೆ.

ಈ ಗಿಡಕ್ಕೆ ಮಣ್ಣು ಬೇಡ. ಬೇಡ ಎನ್ನುವುದಕ್ಕಿಂತ ಮಣ್ಣು ಅದಕ್ಕೆ ಮೃತ್ಯು. ಅದರ ಬೇರುಗಳನ್ನು ನೋಡಿದ್ದೀರಾ? ಪೆನ್ಸಿಲಿನಷ್ಟು ದಪ್ಪ, ಬೂದಿಬಣ್ಣದ ಬೆಳ್ಳಿ. ಮೇಲಿನ ಆ ಬೆಳ್ಳಿ ಹೊದಿಕೆ ಸತ್ತ ಜೀವಕೋಶಗಳ ಒಂದು ಸ್ಪಂಜು. ಮಳೆಯ ಹನಿ ತಾಕಿದ ಕೆಲವೇ ಕ್ಷಣಗಳಲ್ಲಿ ಅದು ನೀರನ್ನು ಹೀರಿ ಪಾರದರ್ಶಕವಾಗುತ್ತದೆ. ಒಳಗಿನ ಹಸಿರು ಹೊರಗೆ ತೋರುತ್ತದೆ. ಎಲೆಯಂತೆ ಬೇರೂ ಬೆಳಕಿನಿಂದ ಆಹಾರ ಮಾಡಿಕೊಳ್ಳುತ್ತದೆ. ಹೀರಿದ ಮೇಲೆ ಒಣಗಬೇಕು, ಗಾಳಿಯಾಡಬೇಕು. ಅದನ್ನು ಹಸಿಮಣ್ಣಿನಲ್ಲಿ ಹೂಳುವುದೆಂದರೆ ಉಸಿರಾಡುವವನ ಮೂಗಿಗೆ ಒದ್ದೆಬಟ್ಟೆ ಕಟ್ಟಿದಂತೆ. ಇಂಥ ಗಿಡಗಳ ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಬಿಸಿಲಿನ ಹೊತ್ತಿನಲ್ಲಿ ಇವು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತಂಪಾದ ಮೇಲೆ ತೆರೆದು ಇಂಗಾಲಾಮ್ಲವನ್ನು ಒಳಗೆ ತೆಗೆದುಕೊಂಡು ಮರುಹಗಲಿಗೆ ಕೂಡಿಡುತ್ತವೆ. ಪಾಪಾಸುಕಳ್ಳಿಯ ಉಪಾಯವೇ ಇದು. ಮಲೆನಾಡಿನ ಮಳೆಯಲ್ಲಿ ಹುಟ್ಟಿದ ಗಿಡಕ್ಕೆ ಮರುಭೂಮಿಯ ಗಿಡದ ಬುದ್ಧಿ ಏಕೆ ಎನ್ನಬಹುದು. ಮರದ ತೊಗಟೆಯ ಮೇಲೆ ಬಾಳುವವರಿಗೆ ಮಳೆ ನಿಂತ ಮರುಗಳಿಗೆಯೇ ಮರುಭೂಮಿ. ಈ ಗುಣವೇ ಮಾರ್ಚಿಯ ಬೆಂಗಳೂರಿನಲ್ಲಿ ಅದನ್ನು ಕಾಯುತ್ತದೆ.

ಮಣ್ಣು ಬೇಡವಾದರೆ ಅದು ಮರದ ಸಾರವನ್ನು ಹೀರುತ್ತದೆಯೆ? ನಮ್ಮ ಬೀದಿಯ ಹಿರಿಯರೊಬ್ಬರು ಇಂದಿಗೂ ಹಾಗೆಯೇ ನಂಬಿದ್ದಾರೆ. "ಬದನಿಕೆ ಹತ್ತಿಸಿ ಮಾವಿನ ಮರ ಹಾಳುಮಾಡುತ್ತಿದ್ದೀರಿ" ಎಂದು ನನ್ನನ್ನು ಎಚ್ಚರಿಸುತ್ತಾರೆ. ತಪ್ಪು ಅವರೊಬ್ಬರದಲ್ಲ. ಸಂಸ್ಕೃತದಲ್ಲಿ 'ವಂದಾ' ಎಂಬ ಶಬ್ದವುಂಟು. ಅಮರಕೋಶ ಅದರ ಪಕ್ಕದಲ್ಲೇ 'ವೃಕ್ಷಾದನೀ' ಎಂದೂ 'ವೃಕ್ಷರುಹಾ' ಎಂದೂ ಹೇಳುತ್ತದೆ. ಒಂದಕ್ಕೆ ಮರವನ್ನು ತಿನ್ನುವುದು ಎಂದರ್ಥ, ಇನ್ನೊಂದಕ್ಕೆ ಮರದ ಮೇಲೆ ಬೆಳೆಯುವುದು ಎಂದರ್ಥ. ಉಣ್ಣುವವನನ್ನೂ ಜಗಲಿಯ ಮೇಲೆ ಸುಮ್ಮನೆ ಕುಳಿತವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಹಾಗಾಯಿತು. ಕಲ್ಕತ್ತೆಯಲ್ಲಿದ್ದ ಸರ್ ವಿಲಿಯಂ ಜೋನ್ಸ್ ಆ ಶಬ್ದವನ್ನು ಆರ್ಕಿಡ್ಡಿಗೆ ಹಚ್ಚಿದರು. 1820ರಲ್ಲಿ ರಾಬರ್ಟ್ ಬ್ರೌನ್ ಅದನ್ನು ಶಾಸ್ತ್ರೀಯ ಕುಲನಾಮವಾಗಿ ಸ್ಥಿರಪಡಿಸಿದರು. ಗುಂಡುತೋಪಿನಲ್ಲಿ ನನಗೆ ಎದುರಾದದ್ದು ವ್ಯಾಂಡ ಟೆಸೆಲ್ಲೇಟ. ಹೀಗೆ ಜಗತ್ತಿನ ಹೂವಂಗಡಿಗಳಲ್ಲೆಲ್ಲ ಇಂದು ಒಂದು ಸಂಸ್ಕೃತ ಶಬ್ದ ಮಾರಾಟವಾಗುತ್ತಿದೆ. ಬದನಿಕೆ ಕೊಂಬೆಯೊಳಗೇ ಬೇರಿಳಿಸಿ ಮರದ ನೀರನ್ನು ಕದಿಯುತ್ತದೆ, ನಿಜ. ಆದರೆ ದಂಡೆಯ ಬೇರು ತೊಗಟೆಯ ಮೇಲೆ ಹರಡಿ ಹಿಡಿದುಕೊಳ್ಳುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಅದರ ಊಟ ಮಳೆಯ ನೀರು, ಗಾಳಿಯ ಧೂಳು, ತೊಗಟೆಯ ಬಿರುಕಿನಲ್ಲಿ ಕೊಳೆತ ಎಲೆ, ಹಕ್ಕಿಯ ಹಿಕ್ಕೆ. ಹಿರಿಯರಿಗೆ ಇದನ್ನೆಲ್ಲ ವಿವರಿಸಿದ್ದೇನೆ. ಅವರು ತಲೆದೂಗಿ, ಮರುದಿನ ಮತ್ತೆ ಎಚ್ಚರಿಸುತ್ತಾರೆ.

ಎರಡನೆಯ ಗಿಡದ ಕಥೆ ಇನ್ನೂ ನಾಚಿಕೆಯದು. ತೊಂಬತ್ತರ ದಶಕದ ಕೊನೆ. ನಮ್ಮ ಪಕ್ಕದಲ್ಲಿ ತಂತ್ರಜ್ಞಾನದ ಉದ್ಯಾನವೆಂಬುದು ಎದ್ದಿತ್ತು. (ಉದ್ಯಾನವೆಂಬ ಶಬ್ದಕ್ಕೆ ಆದ ಗತಿಯನ್ನು ಕುರಿತು ಇನ್ನೊಂದು ಭಾಷಣ ಮಾಡಬಹುದು.) ಫಲಪುಷ್ಪ ಪ್ರದರ್ಶನ ನೋಡಲು ಹೋಗಿ ಹಿಂದಿರುಗುವಾಗ ರಸ್ತೆಯ ಬದಿಯಲ್ಲಿ ಒಬ್ಬ ಬುಟ್ಟಿಯಲ್ಲಿ ಸೀತೆಯ ದಂಡೆ ಮಾರುತ್ತಿದ್ದ. ಇಪ್ಪತ್ತೈದು ಮೂವತ್ತು ಗಿಡ. ಬೇರುಗಳು ಹರಿದಿದ್ದವು, ಕೆಲವಕ್ಕೆ ತೊಗಟೆಯ ಚಕ್ಕೆಗಳು ಅಂಟಿಕೊಂಡೇ ಇದ್ದವು. ಕಡಮೆ ಬೆಲೆ. ಕೊಂಡೆ. ಈ ಸಲ ಮಣ್ಣಿಗೆ ಹಾಕಲಿಲ್ಲ, ಇದ್ದಿಲಿನ ಚೂರುಗಳಲ್ಲಿ ಕೂರಿಸಿದೆ. ಆದರೂ ವರ್ಷದೊಳಗೆ ಸುಕ್ಕಿ ಸತ್ತಿತು. ಬೇರೇ ಇಲ್ಲದ ಗಿಡ ಬದುಕುವುದು ಹೇಗೆ? ಆಮೇಲೆ ಯೋಚಿಸಿದೆ: ಆ ಬುಟ್ಟಿಯೊಳಗಿನದೆಲ್ಲ ಯಾರೋ ಕಾಡಿನ ಮರ ಹತ್ತಿ ಕಿತ್ತದ್ದು. ನಾನು ಕೊಟ್ಟ ದುಡ್ಡು ಅವನನ್ನು ಮತ್ತೊಂದು ಮರ ಹತ್ತಿಸಿತು. ಕಾಡಿನಿಂದ ಹೀಗೆ ಕೀಳುವುದು ಕಾನೂನಿಗೆ ವಿರುದ್ಧ. ದೇಶದಿಂದ ದೇಶಕ್ಕೆ ಸಾಗುವ ಆರ್ಕಿಡ್ ವ್ಯಾಪಾರದ ಮೇಲೂ ಅಂತರರಾಷ್ಟ್ರೀಯ ನಿರ್ಬಂಧವಿದೆ. ಕಾನೂನಿನ ಮಾತು ಹಾಗಿರಲಿ. ಕಿತ್ತ ಗಿಡದ ಜಾಗಕ್ಕೆ ಇನ್ನೊಂದು ಬರುವುದು ಎಷ್ಟು ಕಷ್ಟವೆಂಬುದು ತಿಳಿದ ಮೇಲೆ ನನಗೆ ನಿದ್ದೆ ಕೆಟ್ಟಿತು.

ಆರ್ಕಿಡ್ಡಿನ ಒಂದು ಕಾಯಿಯಲ್ಲಿ ಬೀಜ ಲಕ್ಷಗಟ್ಟಲೆ ಇರಬಹುದು. ಆದರೆ ಅವು ಬೀಜವೆನ್ನುವುದಕ್ಕಿಂತ ಧೂಳು. ರಾಗಿಯ ಕಾಳಿಗೆ ತಾಯಿ ಕಟ್ಟಿಕೊಟ್ಟ ಬುತ್ತಿಯಿದೆ. ಈ ಬೀಜಕ್ಕೆ ಬುತ್ತಿಯೇ ಇಲ್ಲ. ಗಾಳಿಯಲ್ಲಿ ತೇಲಿ ಎಲ್ಲೋ ಒಂದು ತೊಗಟೆಯ ಮೇಲೆ ಬಿದ್ದು, ಅಲ್ಲಿ ತಕ್ಕ ಬೂಷ್ಟವೊಂದು ಅದರೊಳಗೆ ಹೊಕ್ಕು ಆಹಾರವೊದಗಿಸಿದರೆ ಮಾತ್ರ ಮೊಳಕೆ. 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಈ ಗುಟ್ಟನ್ನು ಕಂಡುಕೊಂಡರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಸಕ್ಕರೆ ಬೆರೆಸಿದ ಪಾಕದಲ್ಲಿ ಬೂಷ್ಟದ ಹಂಗಿಲ್ಲದೆ ಬೀಜ ಮೊಳೆಯಿಸಿ ತೋರಿಸಿದರು. ಇಂದು ಪ್ರಯೋಗಶಾಲೆಗಳ ಬಾಟಲಿಗಳಲ್ಲಿ ಹುಟ್ಟುವ ಸಸಿಗಳೆಲ್ಲ ಆ ದಾರಿಯವು. ಕನ್ನಡಿಗರಾದ ನಮಗೆ ಇಲ್ಲಿ ಇನ್ನೊಂದು ನೆನಪು ಬರಬೇಕು. 'ಹಸುರು ಹೊನ್ನು' ಬರೆದು ನಮ್ಮನ್ನು ಕಾಡಿನೊಳಗೆ ನಗಿಸುತ್ತ ಕರೆದೊಯ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ವಲ್ಲೋಕದಲ್ಲಿ ಮೊದಲು ಹೆಸರಾದ ಕ್ಷೇತ್ರಗಳಲ್ಲೊಂದು ಈ ಆರ್ಕಿಡ್‌ಗಳ ಭ್ರೂಣಶಾಸ್ತ್ರವೇ. ಆ ಪುಸ್ತಕವನ್ನು ಎಷ್ಟೋ ಸಲ ಓದಿದ್ದ ನನಗೆ ಈ ಸಂಗತಿ ತಿಳಿದದ್ದು ಮಾತ್ರ ಎರಡು ಗಿಡ ಕೊಂದ ಮೇಲೆ.

ಅಮ್ಮ 2006ರಲ್ಲಿ ತೀರಿಕೊಂಡಳು. 2009ರ ಜುಲೈ ತಿಂಗಳ ಒಂದು ರಾತ್ರಿ ಗಾಳಿಮಳೆಗೆ ಅಂಗಳದ ಹಲಸಿನ ಮರ ಬುಡಸಹಿತ ಉರುಳಿತು. ಅಣ್ಣ ಫೋನು ಮಾಡಿ, "ತಮ್ಮಾ, ಮರ ಬಿತ್ತು. ದಂಡೆ ಇನ್ನೂ ಜೀವ ಹಿಡಿದಿದೆ. ನಾಳಿದ್ದು ಮರ ಕೊಯ್ಯುವವರು ಬರುತ್ತಾರೆ" ಎಂದ. ಆ ರಾತ್ರಿಯೇ ಬಸ್ಸು ಹತ್ತಿದೆ. ಮರ ಕೊಯ್ಯುವವರು ಒಳ್ಳೆಯವರು. ಬೇರುಗಳು ಹರಡಿದ್ದ ತೊಗಟೆಯನ್ನೇ ಎರಡು ಗೇಣಗಲದ ಹಲಗೆಯಂತೆ ಚಕ್ಕೆಯೆಬ್ಬಿಸಿ ಕೊಟ್ಟರು. ಒದ್ದೆ ಗೋಣಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ರಾತ್ರಿಯ ಬಸ್ಸಿನಲ್ಲಿ ಹಿಂದಿರುಗಿದೆ. ಪಕ್ಕದ ಪ್ರಯಾಣಿಕರು ಮಗುವೇನೋ ಎಂದು ಗೋಣಿಯ ಬಾಯಿ ಬಗ್ಗಿ ನೋಡಿದರು.

ಆ ಹೊತ್ತಿಗೆ ನಮ್ಮ ಮಾವು ಹತ್ತೊಂಬತ್ತರ ಯುವಕ. ದಂಡೆಯನ್ನು ಮರಕ್ಕೆ ಕಟ್ಟುವ ವಿಧಾನವನ್ನು ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಬೇಕೆನ್ನುವವರಿಗೆ ಅನುಕೂಲವಾಗಲಿ. ಮೊದಲು ಮರ. ತೊಗಟೆ ಒರಟಾಗಿರಬೇಕು, ವರ್ಷ ವರ್ಷ ಸುಲಿದುಕೊಳ್ಳಬಾರದು. ಮಾವು, ಹಲಸು, ಸಪೋಟ, ತೆಂಗು ಉತ್ತಮ. ಸೀಬೆ, ನೀಲಗಿರಿಗಳು ಹಾವಿನಂತೆ ಪೊರೆ ಬಿಡುವ ಮರಗಳು. ಗಿಡ ಹಿಡಿದುಕೊಂಡದ್ದೇ ಕಳಚಿ ಬೀಳುತ್ತದೆ. ಎರಡನೆಯದು ದಿಕ್ಕು. ಮೂಡಣದ ಅಥವಾ ಈಶಾನ್ಯದ ಮಗ್ಗುಲಲ್ಲಿ ಬೆಳಗಿನ ಎಳೆಬಿಸಿಲು ತಾಕಿ, ಮಧ್ಯಾಹ್ನದ ಹೊತ್ತು ಎಲೆಗಳ ನಡುವಿನಿಂದ ಸೋಸಿದ ಬೆಳಕು ಬರುವಂತಿರಬೇಕು. ಕಡುನೆರಳಿನಲ್ಲಿ ಗಿಡ ಬದುಕೀತು, ಹೂ ಬಿಡಲಾರದು. ಮೂರನೆಯದು ಕಾಲ. ಮೇ ತಿಂಗಳ ಕೊನೆಯಲ್ಲಿ ಮುಂಗಾರಿಗೆ ಮುಂಚಿನ ಮಳೆಗಳು ಬಿದ್ದು, ಬೇರಿನ ತುದಿಗಳಲ್ಲಿ ಹಸಿರು ಮಣಿಯಂಥ ಚಿಗುರು ಮೂಡುತ್ತದೆ. ಆಗ ಕಟ್ಟಿದರೆ ಹೊಸಬೇರು ನೇರವಾಗಿ ತೊಗಟೆಯನ್ನು ಹಿಡಿಯುತ್ತದೆ. ನನ್ನದು ಜುಲೈಯಾಗಿಹೋಯಿತು, ಬಿದ್ದ ಮರ ಮುಹೂರ್ತ ಕೇಳಲಿಲ್ಲ.

ಕಟ್ಟಲು ತೆಂಗಿನ ನಾರಿನ ಹುರಿ ಅಥವಾ ಹತ್ತಿಯ ದಾರ. ವರ್ಷದಲ್ಲಿ ಅದು ತಾನೇ ಕೊಳೆತು ಬೀಳುವಷ್ಟರಲ್ಲಿ ಬೇರು ತನ್ನ ಕೆಲಸ ಮಾಡಿಕೊಂಡಿರುತ್ತದೆ. ತಾಮ್ರದ ತಂತಿ ಖಂಡಿತ ಕೂಡದು, ತಾಮ್ರ ಈ ಬೇರುಗಳಿಗೆ ವಿಷ. ಗಿಡ ನೆಟ್ಟಗೆ ಮೇಲೆ ನೋಡದೆ ಸ್ವಲ್ಪ ಓಲಿಕೊಂಡು ಹೊರಕ್ಕೆ ಬಾಗಿರಲಿ. ಇಲ್ಲವಾದರೆ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತು ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ದಂಡೆಗೆ ಬೆಳೆಯುವ ತುದಿ ಒಂದೇ; ಸುಳಿ ಹೋದರೆ ಹೆಚ್ಚಾಗಿ ಗಿಡವೇ ಹೋದಂತೆ. ಬಿಗಿಯಾಗಿ ಕಟ್ಟಬೇಕು, ಅಲುಗಾಡಿದರೆ ಬೇರಿನ ಎಳೆಯ ತುದಿ ಉಜ್ಜಿ ಸಾಯುತ್ತದೆ. ಕಟ್ಟಿದ ಮೇಲೆ ಮಾಡಬೇಕಾದದ್ದು ಒಂದೇ, ಎಲ್ಲಕ್ಕಿಂತ ಕಷ್ಟವಾದದ್ದು: ಬಿಟ್ಟುಬಿಡಬೇಕು. ದಿನಕ್ಕೊಮ್ಮೆ ಹೋಗಿ ಹಿಡಿದುಕೊಂಡಿದೆಯೆ ಎಂದು ಎಳೆದು ನೋಡಬಾರದು. ನಾನು ನೋಡಿದೆ. ಹೆಂಡತಿ, "ಏನೂಂದ್ರೆ, ಅದೂ ಒಂದು ಜೀವ, ಸ್ವಲ್ಪ ಸುಮ್ಮನಿರಗೊಡಿ" ಎಂದ ಮೇಲೆ ನಿಲ್ಲಿಸಿದೆ.

ನೀರಿನ ಮಾತು ನಮ್ಮ ಭಾಗದಲ್ಲಿ ಸೂಕ್ಷ್ಮವಾದದ್ದು. ಬೇರು ಬೆಳ್ಳಗಿದ್ದರೆ ನೀರು ಬೇಕು, ಹಸಿರಾಗಿದ್ದರೆ ಬೇಡ, ಇಷ್ಟೇ ಸೂತ್ರ. ಬೇಸಗೆಯಲ್ಲಿ ಬೆಳಿಗ್ಗೆ ಒಮ್ಮೆ ತುಂತುರಾಗಿ ಸಿಂಪಡಿಸಿ ಸಂಜೆಯೊಳಗೆ ಒಣಗುವಂತಿರಬೇಕು. ಮಳೆಗಾಲದಲ್ಲಿ ಆಕಾಶವೇ ನೋಡಿಕೊಳ್ಳುತ್ತದೆ. ಚಳಿಗಾಲದಲ್ಲಿ ವಾರಕ್ಕೆರಡು ಸಲ ಸಾಕು. ಆದರೆ ಯಾವ ನೀರು? ಮೊದಲ ಎರಡು ವರ್ಷ ನಾನು ಕೊಳವೆಬಾವಿಯ ನೀರನ್ನೇ ಹಾಕಿದೆ. ಎಲೆಯ ತುದಿ ಕಪ್ಪಾಯಿತು; ಬೇರಿನ ಮೇಲೆ ಸುಣ್ಣ ಬಳಿದಂತೆ ಬಿಳಿಯ ಹೊಪ್ಪಳೆ ಕಟ್ಟಿತು. ನಮ್ಮ ಕಡೆಯ ಆಳದ ನೀರು ಗಡಸು, ಲವಣ ಹೆಚ್ಚು. ಮಳೆಯನ್ನು ಬಿಟ್ಟು ಬೇರೆ ನೀರು ಕಾಣದ ಬೇರು ಅದನ್ನು ತಡೆಯದು. ಮನೆಯ ಶುದ್ಧೀಕರಣ ಯಂತ್ರ ಹೊರಗೆ ಬಿಡುವ ತ್ಯಾಜ್ಯನೀರನ್ನು ಗಿಡಗಳಿಗೆ ಹಾಕುವ ಅಭ್ಯಾಸ ಈಗ ಮನೆಮನೆಯಲ್ಲುಂಟು. ಉಳಿತಾಯದ ಬುದ್ಧಿ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಲವಣ ಮತ್ತಷ್ಟು ಸಾಂದ್ರವಾಗಿರುತ್ತದೆ. ಆರ್ಕಿಡ್ಡಿಗೆ ಅದನ್ನು ಹಾಕಬೇಡಿ. ತಾರಸಿಯ ಮಳೆನೀರನ್ನು ಎರಡು ಪೀಪಾಯಿಗಳಲ್ಲಿ ಹಿಡಿದು, ಸೊಳ್ಳೆಯಾಡದಂತೆ ಬಟ್ಟೆ ಕಟ್ಟಿ ಇಟ್ಟುಕೊಂಡ ಮೇಲೆ ಗಿಡ ಚೇತರಿಸಿಕೊಂಡಿತು.

2024ರ ಮಾರ್ಚಿಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದದ್ದನ್ನು ಮರೆತವರಿಲ್ಲ. ಮಹದೇವಪುರದ ಸುತ್ತ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಜನ ರಾತ್ರಿ ಎದ್ದು ಕಾದರು. ನಮ್ಮ ಬೀದಿಯಲ್ಲಿ ಕೊಡ ನೀರಿಗೆ ಮಾತಿಗೆ ಮಾತು ಬೆಳೆಯುತ್ತಿದ್ದಾಗ ನಾನು ಒಂದು ಹೂವಿನ ಗಿಡಕ್ಕೆ ಸಿಂಪಡಿಸುವುದು ಹೇಗೆ? ಪೀಪಾಯಿಯ ತಳದಲ್ಲಿ ಉಳಿದಿದ್ದ ಮಳೆನೀರಿನಿಂದ ದಿನಕ್ಕೊಂದು ಲೋಟ, ಅದೂ ಯಾರೂ ಏಳುವ ಮೊದಲು, ಕಳ್ಳನಂತೆ ಸಿಂಪಡಿಸಿದೆ. ಏಪ್ರಿಲ್ ಮಧ್ಯಕ್ಕೆ ಅದೂ ಮುಗಿಯಿತು. ಆಮೇಲೆ ಸುಮ್ಮನೆ ನೋಡಿದೆ. ಎಲೆಗಳು ತೊಗಲಿನಂತೆ ಸುಕ್ಕಿದವು, ಕೆಳಗಿನ ಮೂರು ಎಲೆಗಳು ಹಳದಿಯಾಗಿ ಉದುರಿದವು. ಬೇರುಗಳು ಬೂದಿಗಿಂತ ಬೆಳ್ಳಗಾದವು. ಮೇ ತಿಂಗಳ ಮಳೆ ಬಿದ್ದ ವಾರದಲ್ಲಿ ಅದೇ ಬೇರುಗಳ ತುದಿಯಲ್ಲಿ ಹಸಿರು ಮಣಿ ಕಂಡಿತು. ಆ ವರ್ಷ ಹೂ ಬಿಡಲಿಲ್ಲ. ನಾನೂ ಕೇಳಲಿಲ್ಲ.

ಗೊಬ್ಬರದ ವಿಷಯವನ್ನು ಒಂದು ಮಾತಿನಲ್ಲಿ ಮುಗಿಸುತ್ತೇನೆ. ಬೆಳೆಯುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಕೃಷಿ ಅಂಗಡಿಯಲ್ಲಿ ಸಿಗುವ ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಮಿನಷ್ಟು ತೆಳುವಾಗಿ ಕದಡಿ ಚಿಮುಕಿಸಿದರೆ ಸಾಕು, ಹಾಕದಿದ್ದರೂ ಮುನಿಯದು. ಶತ್ರುಗಳಲ್ಲಿ ದೊಡ್ಡವನು ಬಸವನಹುಳು. ರಾತ್ರಿ ಬಂದು ಬೇರಿನ ಹಸಿರು ತುದಿಯನ್ನೇ ಹುಡುಕಿ ತಿನ್ನುತ್ತದೆ. ಕೈದೀಪ ಹಿಡಿದು ಆರಿಸಿ ಹಾಕುವುದೇ ದಾರಿ. ಎಲೆಯ ಬುಡಕ್ಕೆ ಅಂಟುವ ಚಿಪ್ಪುಹುಳುಗಳನ್ನು ಬೇವಿನ ಸಾಬೂನು ಕದಡಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರಾಯಿತು.

ಮನೆಯಂಗಳದಲ್ಲಿ ಬೆಳೆಸಲು ಗಟ್ಟಿಜೀವದ ಇನ್ನೂ ಕೆಲವು ದೇಶೀಯ ಆರ್ಕಿಡ್‌ಗಳಿವೆ. ನಮ್ಮ ದೇಶದಲ್ಲಿ ಇರುವ ಆರ್ಕಿಡ್‌ಗಳು ಒಂದೆರಡಲ್ಲ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಹೊರತಂದ ಪಟ್ಟಿಯಲ್ಲಿ 1,256 ಪ್ರಭೇದಗಳಿವೆ. ಅವುಗಳಲ್ಲಿ ಬೆಂಗಳೂರಿನ ಒಣಗಾಳಿಯನ್ನು ತಡೆಯುವವು ಕೆಲವೇ. ಆಗಲೇ ಹೇಳಿದ ವ್ಯಾಂಡ ಟೆಸೆಲ್ಲೇಟ ಈ ಬಯಲಿನದೇ ಮಗಳು, ಅದಕ್ಕೆ ಬಿಸಿಲೂ ಬೇಕು. ಅಕ್ಯಾಂಪೆ ಎಂಬುದರ ಹೂವು ಚಿಕ್ಕದು, ಹಳದಿಯ ಮೇಲೆ ಕೆಂಗಂದು ಪಟ್ಟೆ, ನೋಡಲು ಅಂಥ ಚೆಲುವಿಲ್ಲ; ಆದರೆ ಅದನ್ನು ಕೊಲ್ಲುವುದು ನನ್ನಂಥವನಿಗೂ ಕಷ್ಟ. ಸಿಂಬಿಡಿಯಂ ಅಲಾಯ್‌ಫೋಲಿಯಂ ಎಂಬ, ಕತ್ತಾಳೆಯಂಥ ಎಲೆಯ ಗಿಡವನ್ನು ತೂಗುಬುಟ್ಟಿಯಲ್ಲಿ ಇದ್ದಿಲು, ಇಟ್ಟಿಗೆಚೂರು, ತೆಂಗಿನ ಸಿಪ್ಪೆಗಳ ನಡುವೆ ಬೆಳೆಸಬಹುದು. ಪಶ್ಚಿಮಘಟ್ಟಗಳಿಗೇ ಮೀಸಲಾದ ಡೆಂಡ್ರೋಬಿಯಂ ಓವೇಟಮ್ ಮಳೆಗಾಲ ಮುಗಿದ ಮೇಲೆ ಎಲೆಯೆಲ್ಲ ಉದುರಿಸಿ ಒಣಕಡ್ಡಿಯಾಗುತ್ತದೆ. ಆ ಬೋಳುಕಡ್ಡಿಗಳ ಮೇಲೇ ಚಳಿಗಾಲದಲ್ಲಿ ಕೆನೆಬಣ್ಣದ ಹೂಗಳು. ಅದರ ನಿದ್ದೆಯ ಕಾಲದಲ್ಲಿ ನೀರು ಹೆಚ್ಚು ಕೊಟ್ಟರೆ ಕೊಳೆಯುತ್ತದೆ. ಸತ್ತಿತೆಂದು ಎಸೆಯುವವರೂ ಉಂಟು. ನಮ್ಮ ಮನೆಯಲ್ಲೇ ದೀಪಾವಳಿಯ ಶುದ್ಧಿಯ ಭರದಲ್ಲಿ ಅದು ಪೊರಕೆಯ ಕಡ್ಡಿಗಳ ಜೊತೆ ಕಸದ ಗಾಡಿ ಸೇರಿತು. ತಪ್ಪು ಯಾರದೆಂದು ಹೇಳಿದರೆ ಮನೆಗೆ ಹೋಗುವುದು ಕಷ್ಟ.

ಇವನ್ನು ಕೊಳ್ಳುವುದಾದರೆ ಬಾಟಲಿಯಲ್ಲಿ ಬೆಳೆಸಿದ ಸಸಿಯೇ ಅಥವಾ ತೋಟದಲ್ಲಿ ಬೆಳೆದ ಗಿಡದ ಮರಿಯೇ ಎಂದು ಕೇಳಿ ಕೊಳ್ಳಿ. ಎಲೆ ಒಂದೇ ಸಮನಾಗಿದ್ದು, ಬೇರು ಕುಂಡದ ಆಕಾರಕ್ಕೆ ಸುತ್ತಿಕೊಂಡಿದ್ದರೆ ಅದು ಸಾಕಿದ ಗಿಡ. ಹರಿದ ಬೇರು, ಹುಳು ತಿಂದ ಹಳೆಯ ಎಲೆ, ಅಂಟಿದ ತೊಗಟೆ ಕಂಡರೆ ಮುಂದೆ ಹೋಗಿ. ಮಳೆಗಾಲದಲ್ಲಿ ರಸ್ತೆ ಬದಿಯ ಮರ ಬಿದ್ದಾಗ, ಗಿಡವಿರುವ ಕೊಂಬೆಯನ್ನು ಕೇಳಿ ಪಡೆದು ಪಕ್ಕದ ಮರಕ್ಕೆ ಕಟ್ಟಿದರೆ ಅದು ಕಳ್ಳತನವಾಗದು.

ಊರಿನಿಂದ ತಂದ ದಂಡೆ ಮಾವಿನ ಮರದ ಮೇಲೆ ನಾಲ್ಕು ವರ್ಷ ಹೂವಿಲ್ಲದೆ ಇತ್ತು. ವರ್ಷಕ್ಕೆ ಎರಡೋ ಮೂರೋ ಎಲೆ. ಹಲಸಿನ ತೊಗಟೆ ಕೊಳೆತು ಉದುರಿ, ಬೇರುಗಳು ಮಾವಿನ ಬಿರುಕುಗಳಲ್ಲಿ ಮೆಲ್ಲನೆ ಹರಿದವು. 2013ರ ಜೂನ್ ಮೊದಲ ವಾರ, ಪಾಳಿ ಮುಗಿಸಿ ಬಂದವನು ಬಾಗಿಲ ಬಳಿ ಚಪ್ಪಲಿ ಬಿಡುವಾಗ ಸಣ್ಣಗೆ ಒಂದು ಪರಿಮಳ ಬಂದಂತಾಯಿತು. ಬೀದಿದೀಪದ ಬೆಳಕಿನಲ್ಲಿ ಗೇಣುದ್ದದ ಗೊಂಚಲು ತೂಗುತ್ತಿತ್ತು. ಊರಿನದರ ಅರ್ಧವೂ ಇರಲಿಲ್ಲ. ಅಣ್ಣನಿಗೆ ಫೋನು ಮಾಡಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ, "ಇಲ್ಲಿ ಇನ್ನೂ ಮಳೆ ಹಿಡಿದಿಲ್ಲ. ನಿಮ್ಮಲ್ಲಿ?" ಎಂದ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಹೆಂಚಿನ ಮನೆಗಳು ಹೋಗಿ ಐದು ಮಹಡಿಯ ವಸತಿಗೃಹಗಳು ಬಂದಿವೆ. ದೂರದೂರಿನಿಂದ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಕೋಣೆಗಳು. ಮಗ ಹೇಳುವುದು ಸುಳ್ಳಲ್ಲ: "ಅಪ್ಪ, ನಿಮ್ಮ ಪಿಂಚಣಿ ಅಮ್ಮನ ಔಷಧಿಗೆ ಸಾಲದು. ಇದನ್ನು ಕೆಡವಿ ನಾಲ್ಕು ಮಹಡಿ ಎತ್ತಿದರೆ ಬಾಡಿಗೆಯಲ್ಲಿ ನೆಮ್ಮದಿಯಾಗಿರಬಹುದು." ನಾನೂ ಒಂದು ಕಾಲಕ್ಕೆ ಅಮ್ಮನ ಅಂಗಳವನ್ನು ಬಿಟ್ಟು ದುಡಿಮೆಗೆಂದು ಬಂದವನೇ, ಅವನ ಲೆಕ್ಕವನ್ನು ತಪ್ಪೆನ್ನುವ ಹಕ್ಕು ನನಗಿಲ್ಲ. ಆದರೆ ನಕ್ಷೆಯಲ್ಲಿ ಮೆಟ್ಟಿಲು ಬರುವ ಜಾಗದಲ್ಲಿ ಮಾವಿನ ಮರವಿದೆ. "ಹೂವಿನ ಗಿಡ ತಾನೆ, ಬಿಡಿಸಿ ಕುಂಡದಲ್ಲಿಡೋಣ" ಎಂದ. ತೊಗಟೆಗೆ ಅಂಟಿದ ಮಾರುದ್ದದ ಬೇರುಗಳನ್ನು ತೋರಿಸಿದೆ. ಬಿಡಿಸಿದರೆ ಮುರಿಯುತ್ತವೆ, ಮುರಿದ ಬೇರಿನ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು, ಚೇತರಿಸಿಕೊಂಡರೆ. ಅವನು ಬಹಳ ಹೊತ್ತು ನಿಂತು ನೋಡಿದ. ಅವನ ಬಾಲ್ಯದ ಉಯ್ಯಾಲೆಯ ಹಗ್ಗದ ಗುರುತು ಅದೇ ಮರದ ಕೊಂಬೆಯಲ್ಲಿ ಇನ್ನೂ ಇದೆ.

ನಕ್ಷೆ ಮೇಜಿನ ಮೇಲಿದೆ. ಮೆಟ್ಟಿಲನ್ನು ಹಿಂಬದಿಗೆ ಸರಿಸಿದರೆ ಮಹಡಿಗೊಂದು ಕೋಣೆ ಕಡಮೆಯಾಗುತ್ತದಂತೆ. ಆ ಕೋಣೆಯ ಬಾಡಿಗೆ ಎಷ್ಟೆಂಬುದನ್ನು ಅವನು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಈ ನಡುವೆ ದಂಡೆಯ ಬುಡದಲ್ಲಿ ಎರಡು ಮರಿಗಳೆದ್ದಿವೆ, ಒಂದೊಂದಕ್ಕೂ ಸ್ವಂತದ ಮೂರು ನಾಲ್ಕು ಬೇರುಗಳಿವೆ. ಬದನಿಕೆಯೆಂದು ಎಚ್ಚರಿಸುವ ಹಿರಿಯರ ಹಿತ್ತಲಲ್ಲಿ ಒಳ್ಳೆಯ ಸಪೋಟ ಮರವೊಂದಿದೆ. ಹೋದ ವಾರ ಅವರನ್ನು ಕೇಳಿದೆ. ಅವರು ಎಂದಿನಂತೆ ಎಚ್ಚರಿಸಿ, ಕೊನೆಗೆ, "ಮೂಡಣದ ಕಡೆ ಕಟ್ಟಿ, ಅಡುಗೆಮನೆಯ ಕಿಟಕಿಗೆ ಕಾಣುವ ಹಾಗೆ" ಎಂದರು. ಮೊದಲ ಮಳೆ ಬಿದ್ದಿದೆ. ಬೇರಿನ ತುದಿ ಹಸಿರಾಗಿದೆ. ತೆಂಗಿನ ನಾರಿನ ಹುರಿ ತಂದಿಟ್ಟಿದ್ದೇನೆ. ಮೊಮ್ಮಗಳು, "ಅಜ್ಜ, ಗಂಟು ನಾನು ಹಾಕುತ್ತೇನೆ" ಎಂದಿದ್ದಾಳೆ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ ಒಂದು ಮರಿಯನ್ನು ಅಲ್ಲಿಗೆ ಕಟ್ಟಿ ಬರುತ್ತೇವೆ.